ಪರದೆಯಾಚೆ ಅಳಿಯ

ಜೂನ್ 9, ಮಂಗಳವಾರ

ಇದು ಗಿರಾಕಿಗಳ ಅಳತೆ ಬರೆದುಕೊಳ್ಳುವ ಪುಸ್ತಕ. ಹಿಂದಿನ ಪುಟದಲ್ಲಿ ಪಾದ್ರಿಯ ತಂಗಿಯ ಸೊಂಟದ ಸುತ್ತಳತೆ ಇದೆ. ಈ ಪುಟದಲ್ಲಿ ನನ್ನ ಸಿಟ್ಟು ಇರಲಿ. ಬಾಯಿಬಿಟ್ಟು ಹೇಳಿದರೆ ಎಲ್ಲರೂ ‘ಪ್ರಾರ್ಥನೆ ಮಾಡಿ ರೆಸ್ಟಿಟ್ಯೂಟಾ’ ಎನ್ನುತ್ತಾರೆ. ಮಾಡಿ ಮಾಡಿ ಮಂಡಿ ಸವೆದಿದೆ.

ಮಸಾಕಾದ ಈ ಆಸ್ಪತ್ರೆಗೆ ಬಂದು ಮೂರು ಗಂಟೆಯಾಯಿತು. ಮಗಳು ನಮತೋವು ಚಾಪೆ, ಬೇಸಿನ್, ಒಲೆ, ಬಾಳೆಕಾಯಿ ಎಲ್ಲ ಹೊತ್ತು ತಂದು ಮಂಚದ ಕೆಳಗೆ ಸಂಸಾರ ಹೂಡಿದ್ದಾಳೆ. ಡಾಕ್ಟರು ದೇಶದ ಪಶ್ಚಿಮ ಜಿಲ್ಲೆಗಳ ಕಡೆಯವಳು, ಅಯೆಬಾರೆ ಅಂತ. ನನ್ನ ಕೊನೆಯ ಮಗಳ ವಯಸ್ಸು.

“ಗಡ್ಡೆ ಗುದದ ತೀರಾ ಹತ್ತಿರ ಇದೆ. ತೆಗೆದ ಮೇಲೆ ಕೆಳಗಿನ ದಾರಿ ಹೊಲಿದು ಮುಚ್ಚಬೇಕು. ಹೊಟ್ಟೆಯ ಎಡಗಡೆ ಹೊಸ ದಾರಿ ಮಾಡ್ತೀವಿ. ಮಲ ಅಲ್ಲಿಂದ ಬಂದು ಚೀಲಕ್ಕೆ ಬೀಳುತ್ತೆ,” ಎಂದಳು.

“ಎಷ್ಟು ದಿನ?”

“ಬದುಕಿರೋ ತನಕ.”

ಇವಳಿಗೆ ಮಾತಿಗೆ ಅಂಚು ಮಡಚಿ ಹೊಲಿಯುವ ಅಭ್ಯಾಸವೇ ಇಲ್ಲ. ಎಷ್ಟು ವರ್ಷದಿಂದ ಹೊಲಿಯುತ್ತಿದ್ದೀ ಎಂದು ಕೇಳಿದೆ. ಎಂಟು ಎಂದಳು. ನಾನು ಮೂವತ್ತೊಂದು ವರ್ಷದಿಂದ ಹೊಲಿಯುತ್ತಿದ್ದೇನೆ ಎಂದೆ. “ಹಾಗಾದ್ರೆ ನಾನು ಹಾಕಿದ ಹೊಲಿಗೆ ಬಿಚ್ಚದ ಹಾಗೆ ನೋಡ್ಕೊಳ್ಳೋದು ನಿಮ್ಮ ಕೆಲಸ,” ಎಂದು ನಕ್ಕಳು. ನಾನು ನಗಲಿಲ್ಲ.

ಆಮೇಲೆ ಬಂತು ನಿಜವಾದ ಏಟು. ಚೀಲ ಹಾಕುವುದು, ತೆಗೆಯುವುದು, ಚರ್ಮ ಕಾಯುವುದು ಇದನ್ನೆಲ್ಲ ಕಲಿತ ನರ್ಸ್ ಇಡೀ ಆಸ್ಪತ್ರೆಗೆ ಒಬ್ಬನೇ ಇದ್ದಾನಂತೆ. ಹೆಸರು ಮುಲಿಂದ್ವಾ. ನಮತೋವು ನೆಲ ನೋಡಿದಳು. ನೋಡದೆ ಏನು ಮಾಡುತ್ತಾಳೆ, ಅವಳ ಗಂಡ ಅವನು.

ಏಳು ವರ್ಷದಿಂದ ನನ್ನ ಅಳಿಯ. ನಾನು ಅವನ ಮುಖ ಸರಿಯಾಗಿ ನೋಡಿಲ್ಲ, ಅವನು ನನ್ನದು ನೋಡಿಲ್ಲ. ಮನೆಗೆ ಬಂದರೆ ಗೋಡೆಯಾಚೆ ಮಂಡಿಯೂರಿ ಹೆಂಡತಿಯ ಬಾಯಿಂದ ಕ್ಷೇಮ ಕೇಳಿಸುತ್ತಾನೆ, ನಾನು ಅಡುಗೆಮನೆಯಿಂದ ಅವಳ ಕೈಲೇ ಉತ್ತರ ಹೇಳಿ ಕಳಿಸುತ್ತೇನೆ. ಮರ್ಯಾದಸ್ಥರ ಮನೆಯಲ್ಲಿ ಹಾಗೆಯೇ. ಅತ್ತೆಯ ಮೈ ನೋಡಿದ ಅಳಿಯನ ಕೈಗೆ ನಡುಕ ಹತ್ತುತ್ತದೆ, ಮತ್ತೆ ಬಿಡುವುದಿಲ್ಲ. ನಮ್ಮೂರಿನ ಕಿವುಂಬಿ ಲೋಟದ ನೀರನ್ನು ಎದೆಗೆ ಚೆಲ್ಲಿಕೊಂಡೇ ಸತ್ತ. ನಾನು ಕಣ್ಣಾರೆ ಕಂಡಿದ್ದೇನೆ.

“ನಮ್ಮ ಕಡೆ ಇಷ್ಟೊಂದು ಇಲ್ಲಪ್ಪ,” ಎಂದಳು ಅಯೆಬಾರೆ.

“ನಿಮ್ಮ ಕಡೆದು ನಿಮ್ಮ ಕಡೆ ಇಟ್ಕೊ. ಸತ್ತರೂ ಸರಿ, ಅವನ ಕಣ್ಣಿಗೆ ನನ್ನ ಹೊಟ್ಟೆ ಬೀಳಬಾರದು.”

ಇದನ್ನು ಇಲ್ಲಿಯೂ ಬರೆದಿಡುತ್ತೇನೆ. ಬೀಳಬಾರದು.

ಜೂನ್ 10, ಬುಧವಾರ

ಬೆಳಗಿನಿಂದ ಭೇದಿ ಔಷಧಿ. ಉಪ್ಪುಪ್ಪು, ವಾಂತಿ ಬರುವಂಥದ್ದು, ನಾಲ್ಕು ಲೋಟ. ಪಾಯಿಖಾನೆಗೂ ಮಂಚಕ್ಕೂ ಓಡಾಡಿ ಕಾಲು ಬಿದ್ದುಹೋಯಿತು. ಪಕ್ಕದ ಮಂಚದ ತೆಯೊಪಿಸ್ತಾ ಅಜ್ಜಿ ಎಣಿಸುತ್ತ ಕೂತಿದ್ದಾಳೆ. “ಹನ್ನೊಂದು,” ಎಂದು ಕೂಗಿದಳು, ಇಡೀ ವಾರ್ಡಿಗೆ ಕೇಳುವ ಹಾಗೆ. ಅವಳಿಗೆ ಎಂಬತ್ತಾಗಿದೆ, ಹರ್ನಿಯ ಆಪರೇಷನ್ ಆಗಿದೆ. ನಾಲಿಗೆಗೆ ಏನೂ ಆಗಿಲ್ಲ.

ಮಧ್ಯಾಹ್ನ ಪರದೆ ಎಳೆದರು. ಈಚೆ ನಾನು, ನಮತೋವು. ಆಚೆ ಅವನು. ಪರದೆ ನೆಲಕ್ಕೆ ಮುಟ್ಟುವುದಿಲ್ಲ, ಮೊಣಕಾಲುದ್ದ ಕಡಿಮೆ. ಕೆಟ್ಟ ಅಳತೆ. ಆ ಸಂದಿಯಿಂದ ಎರಡು ಕೈ ಬಂದು, ಹೊಸ ದಾರಿಗೆ ಗುರುತು ಹಾಕಲು ಒಂದು ಶಾಯಿಪೆನ್ನು ಇಟ್ಟು ಹೋದವು. ಉದ್ದ ಬೆರಳು, ಮಾಂಸದ ಮಟ್ಟಕ್ಕೆ ಕತ್ತರಿಸಿದ ಉಗುರು.

“ಅತ್ತೆಯವರಿಗೆ ಹೇಳು,” ಎಂದ ಹೆಂಡತಿಗೆ, ನಾನೇನೋ ಕಂಪಾಲಾದಲ್ಲಿ ಇರುವ ಹಾಗೆ, “ಕೂತು ನೋಡಲಿ, ನಿಂತು ನೋಡಲಿ, ಬಗ್ಗಿ ನೋಡಲಿ. ಮಡಿಕೆ ಬೀಳೋ ಜಾಗ ಬೇಡ. ಅವರ ಕಣ್ಣಿಗೆ ಅವರೇ ನೋಡಿಕೊಳ್ಳೋ ಹಾಗಿರ್ಬೇಕು. ಗೋಮೆಸಿ ನಿಲುವಂಗಿ ಮೇಲೆ ಸೊಂಟಪಟ್ಟಿ ಕಟ್ಟೋ ಜಾಗಕ್ಕಿಂತ ಮೇಲೇ ಗುರುತು ಹಾಕು.”

“ನಾನು ಪಟ್ಟಿ ಎಲ್ಲಿ ಕಟ್ತೀನಿ ಅಂತ ಅವನಿಗೇನು ಗೊತ್ತು, ಕೇಳು.”

“ನಿನಗೆ ಅವರು ಹೊಲಿದ ಗೋಮೆಸಿ ನೋಡಿದೀನಲ್ಲ, ಸೊಂಟದ ಮೂಳೆ ಮೇಲೆ ಕೂರುತ್ತೆ ಪಟ್ಟಿ, ಅಂತ ಹೇಳು.”

ಸರಿಯಾಗಿಯೇ ಹೇಳಿದ. ಅದಕ್ಕೇ ಇನ್ನಷ್ಟು ಮೈ ಉರಿಯಿತು. ನಮತೋವು ಗುರುತು ಹಾಕಿದಳು. ನಾಲ್ಕು ಬಾರಿ ಕೂತು ಎದ್ದು, ಗುರುತನ್ನು ಒಂದು ಬೆರಳಷ್ಟು ಮೇಲಕ್ಕೆ ನಾನೇ ಸರಿಸಿದೆ.

ನಾಳೆ ಆಪರೇಷನ್. ಆ ಹೊತ್ತಿಗೆ ಥಿಯೇಟರಿನ ಹತ್ತಿರ ಅವನ ನೆರಳೂ ಸುಳಿಯಬಾರದು ಎಂದು ಅಯೆಬಾರೆಯಿಂದ ಬೈಬಲ್ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದೇನೆ.

ಜೂನ್ 13, ಶನಿವಾರ

ಬದುಕಿದ್ದೇನೆ. ಮೂಗಿನಲ್ಲಿ ನಳಿಕೆ, ಉಚ್ಚೆಗೆ ನಳಿಕೆ, ಪಕ್ಕೆಯಲ್ಲಿ ನಳಿಕೆ. ನಿನ್ನೆಯೇ ಎಬ್ಬಿಸಿ ನಡೆಸಿದರು ಪಾಪಿಗಳು. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಕೆಮ್ಮಬೇಕು. ಕೂರಲು ಆಗುವುದಿಲ್ಲ, ಕೆಳಗೂ ಹೊಲಿಗೆ. ತುಟಿ ಒದ್ದೆ ಮಾಡುತ್ತಾರೆ, ನೀರು ಕೊಡುವುದಿಲ್ಲ. ಇಲ್ಲದ ದಾರಿಗೆ ಅವಸರವಾದಂತೆ ಅನ್ನಿಸುತ್ತದೆ. ಯಾರನ್ನು ಬೈಯಲಿ ಇದಕ್ಕೆ.

ಜೂನ್ 15, ಸೋಮವಾರ

ಈ ಆಸ್ಪತ್ರೆಯಲ್ಲಿ ಜನಕ್ಕೆ ಬೇರೆ ಮಾತೇ ಗೊತ್ತಿಲ್ಲ. ಬೆಳಿಗ್ಗೆ ಡಾಕ್ಟರು, “ಗಾಳಿ ಹೋಯ್ತಾ?” ಕಸ ಗುಡಿಸುವವಳು, “ಗಾಳಿ ಹೋಯ್ತಾ?” ಗಾಳಿ ಬಂದರೆ ಕರುಳು ಎಚ್ಚರಾಯಿತು ಎಂದು ಲೆಕ್ಕವಂತೆ. ಆಮೇಲೆಯೇ ಗಂಜಿ. ಪರದೆಯಾಚೆಯಿಂದ ಅವನೂ ಕೇಳಿಸಿದ, ಹೆಂಡತಿಯ ಬಾಯಿಂದ. ಅಳಿಯ ಅತ್ತೆಗೆ ಕೇಳುವ ಪ್ರಶ್ನೆಯೇ ಇದು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. 

ಮಧ್ಯಾಹ್ನ ಚೀಲ ತಾನಾಗಿಯೇ ಉಬ್ಬಿತು. ತಡೆಯಲು ಕೆಳಗಿನ ಹಾಗೆ ಬಿಗಿಹಿಡಿಯುವುದು ಯಾವುದೂ ಅಲ್ಲಿಲ್ಲ. ಪುರ್ರ್ ಎಂದು ಸದ್ದು.

“ಹೂಸಿದಳು ನಮ್ಮ ಟೈಲರಮ್ಮ,” ಎಂದು ತೆಯೊಪಿಸ್ತಾ ಚಪ್ಪಾಳೆ ತಟ್ಟಿದಳು. ಹದಿನಾಲ್ಕು ಮಂಚದವರೂ ದೇವರಿಗೆ ವಂದನೆ ಹೇಳಿದರು. ಪರದೆಯಾಚೆಯಿಂದ ‘ಆಮೆನ್’ ಎಂದು ಗಂಡಸಿನ ದನಿ ಕೇಳಿತು.

ಸಂಜೆ ಅರ್ಧ ಲೋಟ ಗಂಜಿ. ಅಷ್ಟು ರುಚಿಯಾದ ಗಂಜಿ ಕುಡಿದಿರಲಿಲ್ಲ. 

ಜೂನ್ 16, ಮಂಗಳವಾರ

ಇವತ್ತು ಹೊಟ್ಟೆಯ ಹೊಸ ದಾರಿಯ ಬಾಯಿ ನೋಡಿದೆ. ಕೆಂಪಗೆ, ಒದ್ದೆಯಾಗಿ, ಕೆನ್ನೆಯ ಒಳಭಾಗದ ಹಾಗೆ. ಮುಟ್ಟಿದರೆ ನೋವೇ ಇಲ್ಲ. ಒರೆಸಿದಾಗ ಒಂದು ತೊಟ್ಟು ರಕ್ತ ಬಂತು. “ಅಷ್ಟು ಬರೋದು ಸಹಜ, ಗಾಬರಿ ಬೇಡ ಅಂತ ಹೇಳು,” ಎಂದ ಆಚೆಯಿಂದ. ಗಾಬರಿ ಯಾರಿಗಾಗಿದೆ. ನನಗೆ ಆಗಿದ್ದು ಅಸಹ್ಯ.

ಅದಕ್ಕಿಂತ ಸಿಟ್ಟು ಬಂದದ್ದು ಸುತ್ತಲಿನ ಚರ್ಮ ಕಂಡು. ಭಾನುವಾರ ಯಾವಳೋ ಹುಡುಗಿ ಚೀಲವನ್ನು ಚರ್ಮಕ್ಕೆ ಹಿಡಿಸುವ ಅಂಟುಬಿಲ್ಲೆಗೆ ನಲವತ್ತರ ತೂತು ಕತ್ತರಿಸಿ ಹಾಕಿದ್ದಾಳೆ. ಸಂದಿಯಲ್ಲಿ ಮಲ ತಾಗಿ ಚರ್ಮ ಸುಟ್ಟ ಹಾಗಾಗಿದೆ. ಇಂಥವಳನ್ನು ನನ್ನ ಅಂಗಡಿಯಲ್ಲಿ ಅರ್ಧ ದಿನ ಇಟ್ಟುಕೊಳ್ಳುತ್ತಿರಲಿಲ್ಲ. ಅವನು ಸಂದಿಯಿಂದ ತೂತುಗಳಿರುವ ಅಳತೆಯ ರಟ್ಟು ತಳ್ಳಿದ. ನಾನು ನನ್ನ ಟೇಪನ್ನೇ ಹಿಡಿದೆ. ಮೂವತ್ತೆರಡು ಮಿಲಿಮೀಟರ್. ಮೊದಲು ಕಾಗದದಲ್ಲಿ ಮಾದರಿ ಕತ್ತರಿಸಿ, ಇಟ್ಟು ನೋಡಿ, ಆಮೇಲೆ ಬಿಲ್ಲೆ ಕತ್ತರಿಸಿದೆ.

ಕತ್ತರಿಸಿದ್ದನ್ನು ಒಮ್ಮೆ ತೋರಿಸಲಿ ಎಂದ. ನಮತೋವು ಕೊಟ್ಟಳು. ಪರದೆಯ ಕೆಳಗೆ ಆ ಕೈಗಳು ಬಿಲ್ಲೆಯನ್ನು ತಿರುಗಿಸಿ, ಅಂಚಿನ ಮೇಲೆ ಬೆರಳು ಓಡಿಸಿದವು, ಬಟ್ಟೆ ಬಲ್ಲವರು ಸೆರಗು ನೋಡುವ ಹಾಗೆ.

“ಹನ್ನೆರಡು ವರ್ಷದಲ್ಲಿ ನಾನೂ ಇಷ್ಟು ದುಂಡಗೆ ಕತ್ತರಿಸಿಲ್ಲ, ಅಂತ ಹೇಳು.”

“ಹೊಗಳಿಕೆ ಬೇಡ ಅಂತ ಹೇಳು,” ಎಂದೆ.

ಜೂನ್ 17, ಬುಧವಾರ

ನಮತೋವು ಹಿತ್ತಲಿನ ಒಲೆಗೆ ಹೋಗಿ ಒಂದು ಗಂಟೆಯಾಯಿತು. ಚೀಲ ಸೋರಿದೆ. ಹಾಸಿಗೆ, ಗೌನು, ನಾನು, ಎಲ್ಲ. ವಾಸನೆ ಹೇಳಲಾರೆ. ಪರದೆ ನಾನೇ ಎಳೆದುಕೊಂಡೆ. ವಾರ್ಡಿನ ಸಿಸ್ಟರು ಹೆರಿಗೆ ಕೋಣೆಗೆ ಹೋಗಿದ್ದಾಳಂತೆ. ಆಚೆ ಅವನಿದ್ದಾನೆ. ವಾಸನೆ ಅವನಿಗೂ ಹೋಗಿರುತ್ತದೆ. ಇದಕ್ಕಿಂತ ಸಾವು ಮೇಲು.

ನೀರಿನ ಬೇಸಿನ್ ಮಂಚದ ಕೆಳಗಿದೆ. ಸರಿಸಿದ ಸದ್ದು ಕೇಳಿ, “ಅತ್ತೆ, ಎತ್ತಬೇಡಿ. ಆರು ವಾರ ತುಂಬಿದ ಕೊಡ ಬೇಸಿನ್ ಏನೂ ಎತ್ತೋ ಹಾಗಿಲ್ಲ. ಸಿಸ್ಟರಿಗೆ ಹೇಳಿ ಕಳಿಸಿದೀನಿ, ಹತ್ತು ನಿಮಿಷ ತಡೀರಿ,” ಎಂದ. ನೇರ ನನಗೇ ಹೇಳಿದ. ನಡುವೆ ಹೆಂಡತಿಯಿಲ್ಲ, ಏನಿಲ್ಲ. ಏಳು ವರ್ಷದಲ್ಲಿ ಮೊದಲ ಸಲ. ಏನು ಸಲಿಗೆ ಇದು. ಇಲ್ಲಿ ಕೊಳಕಿನಲ್ಲಿ ಕೂತಿರುವವಳು ನಾನು, ತಡೀರಿ ಎನ್ನಲು ಇವನು ಯಾರು.

ತಡೆಯಲು ಪುಸ್ತಕ ತೆಗೆದು ಇಷ್ಟು ಬರೆದೆ. ಸಾಕು. ಯಾರ ಹಂಗೂ ಬೇಡ. ನಾನೇ ಎತ್ತಿಕೊಳ್ಳುತ್ತೇನೆ.

ಜೂನ್ 22, ಸೋಮವಾರ

ಹೊಲಿಗೆ ಬಿಚ್ಚಿತಂತೆ. ಮತ್ತೆ ಥಿಯೇಟರು, ಮತ್ತೆ ನಳಿಕೆ. ಈ ಸಲ ದಪ್ಪ ದಾರ ಹಾಕಿದ್ದಾಳೆ ಅಯೆಬಾರೆ. ಅದು ಅವಳ ಹೊಲಿಗೆಯ ತಪ್ಪಲ್ಲ ಎಂದು ಬರೆಯಬೇಕು, ಬರೆದೆ.

ನೆನಪಿರುವುದು ಇಷ್ಟೇ. ಬಗ್ಗಿದೆ, ಎತ್ತಿದೆ, ಕೆಮ್ಮು ಬಂತು. ಹೊಟ್ಟೆಯ ಮೇಲೆ ಬೆಚ್ಚಗೆ ಏನೋ ಇಳಿಯಿತು. ಯಾರೋ ಒದ್ದೆ ಬಟ್ಟೆ ಇಟ್ಟು ಒತ್ತಿ ಹಿಡಿದರು. ಯಾರು ಎಂದು ನಮತೋವುವನ್ನು ಕೇಳಿದರೆ, “ನರ್ಸುಗಳಮ್ಮ, ಇನ್ಯಾರು,” ಎಂದು ಗಂಜಿ ಕಲಕಿದಳು. ತೆಯೊಪಿಸ್ತಾಳನ್ನು ಕೇಳಿದೆ. ನಿದ್ದೆಯಲ್ಲೂ ವಟಗುಟ್ಟುವ ಮುದುಕಿ ಗೋಡೆ ಕಡೆ ತಿರುಗಿ ಮಲಗಿದಳು.

ಪರದೆಯ ಕೆಳಗೆ ಆ ಕೈಗಳು ಬಂದಿಲ್ಲ, ಐದು ದಿನವಾಯಿತು. ರಜೆ ಹಾಕಿದ್ದಾನಂತೆ. ನಲವತ್ತರ ತೂತಿನ ಅದೇ ಹುಡುಗಿ ಬರುತ್ತಾಳೆ. ಅತ್ತೆ ಸಾಯಲು ಬಿದ್ದಿರುವಾಗ ರಜೆ ಹಾಕುವ ಅಳಿಯ. ಇಂಥವನಿಗೆ ಮಗಳನ್ನು ಕೊಟ್ಟೆನಲ್ಲ.

ಜೂನ್ 25, ಗುರುವಾರ

ಬೆಳಿಗ್ಗೆ ನಡೆದು ಬಂದು ನೋಡುತ್ತೇನೆ, ಮಂಚದ ಮೇಲೆ ಮಡಿಸಿಟ್ಟ ತೊಗಟೆಬಟ್ಟೆ. ಹೊಸದು. ಮರದ ತೊಗಟೆ ಬಡಿದು ಮಾಡಿದ, ಹೊಗೆ ವಾಸನೆಯ ಕೆಂಗಂದು ಬಟ್ಟೆ. ನನ್ನ ಗಂಡನನ್ನು ಇಂಥದರಲ್ಲೇ ಸುತ್ತಿ ಮಣ್ಣಿಗಿಟ್ಟೆವು. ನನ್ನ ತಾಯಿಯನ್ನೂ.

 ನನಗೆ ಹೇಳದೆ ನನ್ನ ಹೆಣದ ಬಟ್ಟೆ ತಂದಿಟ್ಟಿದ್ದಾರೆ. ಮಗಳು, ಡಾಕ್ಟರು, ಎಲ್ಲರೂ ಸೇರಿ. ಉಸಿರು ನಿಲ್ಲುವ ತನಕ ತಡೆಯುವಷ್ಟೂ ವ್ಯವಧಾನವಿಲ್ಲ ಇವರಿಗೆ. ಏನೇನು ಬೈದೆನೋ, ಅಯೆಬಾರೆ ಓಡಿ ಬಂದಳು.

“ನಿಜ ಹೇಳು. ಎಷ್ಟು ದಿನ ಉಳಿದಿದೆ ನನಗೆ?”

“ಏನು ದಿನ? ತೆಗೆದ ಗಡ್ಡೆಯ ವರದಿ ಇವತ್ತೇ ಬಂತು, ಅಂಚಿನಲ್ಲಿ ರೋಗ ಇಲ್ಲ. ಅದನ್ನ ಹೇಳೋಕೇ ಬರ್ತಿದ್ದೆ.”

“ಹಾಗಾದ್ರೆ ಇದ್ಯಾಕೆ ತಂದ್ರಿ?”

ಅಯೆಬಾರೆ ಬಟ್ಟೆ ನೋಡಿದಳು, ನಮತೋವುವಿನ ಮುಖ ನೋಡಿದಳು. ನಮತೋವು ಅಳುತ್ತಿದ್ದಳು. ತೆಯೊಪಿಸ್ತಾ ಎದ್ದು ಕೂತಳು.

“ಎಂಟು ದಿನದಿಂದ ಬಾಯಿಗೆ ಬೀಗ ಹಾಕ್ಕೊಂಡಿದೀನಿ, ಇನ್ನು ನನ್ನ ಕೈಲಾಗಲ್ಲ. ಕೇಳಿಲ್ಲಿ ರೆಸ್ಟಿಟ್ಯೂಟಾ. ಆವತ್ತು ನಿನ್ನ ಕರುಳು ಹೊರಗೆ ಬಂದಿತ್ತು. ಆ ಹುಡುಗ ಪರದೆ ಸರಿಸಿ ಒಳಗೆ ಬಂದ. ಒದ್ದೆ ಬಟ್ಟೆ ಹಾಕಿ ಎರಡೂ ಕೈಯಲ್ಲಿ ಹಿಡಿದ. ಹಿಡಿದದ್ದು ಬಿಡದೆ, ತಳ್ಳೋ ಮಂಚದ ಮೇಲೆ ತಾನೂ ಮಂಡಿಯೂರಿ ಥಿಯೇಟರ್ ತನಕ ಹೋದ. ಕಣ್ಣು ಮುಚ್ಚಿಕೊಂಡು ಮಾಡೋ ಕೆಲಸ ಅಲ್ಲ ಅದು. ಮುಚ್ಚಿಕೊಂಡಿದ್ರೆ ನೀನೀಗ ನಮ್ಮನ್ನ ಬೈಯೋಕೆ ಇರ್ತಿರ್ಲಿಲ್ಲ.”

ಅತ್ತೆಯ ಮೈ ಕಂಡ ಅಳಿಯ, ಮುಚ್ಚಿಕೊಳ್ಳಲು ತೊಗಟೆಬಟ್ಟೆ ಕೊಡಬೇಕು. ಅವಳು ಅದನ್ನು ಮೈಗೆ ಹಾಕಿಕೊಂಡರೆ ಅವನ ಕೈ ಉಳಿಯುತ್ತದೆ. ನನಗೆ ಗೊತ್ತಿಲ್ಲದ ಪದ್ಧತಿಯಲ್ಲ. ಬಟ್ಟೆ ಬಡಿಯುವವರ ಊರಿಗೆ ಹೋಗಿ, ಬಡಿದು ಒಣಗುವ ತನಕ ಅಲ್ಲೇ ಇದ್ದು ತಂದನಂತೆ. ರಜೆ ಹಾಕಿದ್ದು ಅದಕ್ಕೆ.

ಮೊದಲು ಯಾರ ಮೇಲೆ ಸಿಟ್ಟಾಗಲಿ. ಸುಳ್ಳು ಹೇಳಿದ ಮಗಳ ಮೇಲೋ, ನೋಡಿದ ಅವನ ಮೇಲೋ, ಬೇಸಿನ್ ಎತ್ತಿದ ಈ ಕೈಗಳ ಮೇಲೋ. ಬಟ್ಟೆಯನ್ನು ಕಾಲಿನಿಂದ ಸರಿಸಿದೆ. ಮುಟ್ಟುವುದಿಲ್ಲ. ಮೈಗೆ ಹಾಕಿಕೊಂಡರೆ ಅವನು ನೋಡಿದ್ದು ನಿಜ ಎಂದು ಒಪ್ಪಿದ ಹಾಗೆ.

“ನಿನ್ನೆ ಅವರ ಕೈಯಿಂದ ಲೋಟ ಬಿತ್ತಮ್ಮ,” ಎಂದಳು ನಮತೋವು.

“ನಿದ್ದೆಗೆಟ್ಟಿರ್ತಾನೆ,” ಎಂದು ಗದರಿದೆ.

ಜೂನ್ 26, ಶುಕ್ರವಾರ

ನಿದ್ದೆ ಇಲ್ಲ. ಕಿವುಂಬಿಯ ಲೋಟ ಕಣ್ಣ ಮುಂದೆ ಬರುತ್ತದೆ.

ಜೂನ್ 27, ಶನಿವಾರ

ಎದುರಿನ ಮಂಚಕ್ಕೆ ಹೊಸಬಳು ಬಂದಿದ್ದಾಳೆ. ಇನ್ನೂ ಮೂವತ್ತಾಗಿಲ್ಲ, ಮೀನು ಒಣಗಿಸುವ ಕೆಲಸದವಳು. ಅವಳಿಗೂ ಚೀಲ. ಮುಖ ಮುಚ್ಚಿಕೊಂಡು ಅಳುತ್ತಾಳೆ. ಬೆಳಿಗ್ಗೆ ಅವಳ ಮಂಚದ ಸುತ್ತ ಪರದೆ ಎಳೆದರು. ಅವನು ಕೆಲಸಕ್ಕೆ ಬಂದಿದ್ದಾನೆ. ಅವಳಿಗೆ ಅವನು ಅಳಿಯನಲ್ಲ, ಹಾಗಾಗಿ ಪರದೆಯ ಒಳಗಿದ್ದ. ನನಗೆ ಕಂಡದ್ದು ಕೆಳಗಿನ ಸಂದಿಯಿಂದ, ನೀರಿನ ಬಕೆಟ್ಟಿನ ಮೇಲೆ ಹಿಡಿದ ಕೈಗಳಷ್ಟೇ.

ಅಳತೆಯ ರಟ್ಟು ನಡುಗುತ್ತಿತ್ತು.

ರಟ್ಟು ಕೆಳಗೆ ಬಿತ್ತು. ಎತ್ತಿಕೊಂಡ. ಮತ್ತೆ ಬಿತ್ತು. ಆ ಹುಡುಗಿ ಇನ್ನೂ ಜೋರಾಗಿ ಅತ್ತಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಡೀ ಆಸ್ಪತ್ರೆಗೆ ಒಂದೇ ಒಂದು ಜೊತೆ ಕೈ ಈ ಕೆಲಸ ಬಲ್ಲವು. ಅವು ನಡುಗಿದರೆ ಇವಳಿಗೆ ಯಾರು ಕತ್ತರಿಸುತ್ತಾರೆ, ನಲವತ್ತರ ತೂತಿನವಳೋ? ಹೊಟ್ಟೆ ಸುಟ್ಟುಕೊಂಡು ಸಾಯಲಿ ಎಂದೋ?

“ನಮತೋವು, ನನ್ನ ಕತ್ತರಿ ತಾ.”

“ಯಾಕಮ್ಮ?”

“ತಾ ಅಂದ್ರೆ ತಾ.”

ತೊಗಟೆಬಟ್ಟೆ ಬಿಡಿಸಿದೆ. ಒಳ್ಳೆ ಬಟ್ಟೆ, ಎಲ್ಲೂ ತೇಪೆಯಿಲ್ಲ, ಒಂದೇ ಸಮ ಬಡಿದಿದ್ದಾರೆ. ಇದನ್ನು ಮಣ್ಣಿಗೆ ಹಾಕುವುದು ದಂಡ. ಅಡ್ಡಕ್ಕೆ ನಾಲ್ಕು ಬೆರಳಗಲದ ಪಟ್ಟಿ ಕತ್ತರಿಸಿದೆ, ಎಡಗಡೆ ಚೀಲ ಕೂರುವಷ್ಟು ಜೇಬು ಬಿಟ್ಟೆ. ಕೈಹೊಲಿಗೆ, ಹತ್ತಿರ ಹತ್ತಿರ. ಬಟ್ಟೆ ನವಿರು, ಎಳೆದರೆ ಹರಿಯುತ್ತದೆ. ಊಟದ ಹೊತ್ತಿಗೆ ಮುಗಿಯಿತು. ಗೌನಿನ ಒಳಗೆ ಕಟ್ಟಿಕೊಂಡೆ. ಚೀಲದ ಭಾರ ಪಟ್ಟಿಗೆ ಹೋಯಿತು, ಚರ್ಮ ಎಳೆಯುವುದು ನಿಂತಿತು. ಉಳಿದ ಬಟ್ಟೆ ಹೊದ್ದುಕೊಂಡೆ. ತೆಯೊಪಿಸ್ತಾ ನೋಡುತ್ತಲೇ ಇದ್ದಳು.

ನನ್ನ ಪರದೆ ಎಳೆಯಲು ಹೇಳಿದೆ. ಆಚೆಗೆ ಅವನನ್ನು ಕರೆಸಿದೆ. ಮಂಡಿಯೂರಿದ ಸದ್ದು ಕೇಳಿತು. ನಮತೋವು ನನ್ನ ಮಾತಿಗೆ ಕಾಯುತ್ತಿದ್ದಳು, ಆಚೆಗೆ ದಾಟಿಸಲು. ಅವಳನ್ನು ಸುಮ್ಮನಿರಿಸಿದೆ.

“ಮುಲಿಂದ್ವಾ.”

“ಅತ್ತೆ.”

“ನೀನು ಕೊಟ್ಟಿದ್ದು ಕಟ್ಕೊಂಡಿದೀನಿ. ಮೈ ಮುಚ್ಚಿದೆ.”

 ಆಚೆಯಿಂದ ಮೂಗು ಎಳೆದ ಸದ್ದು ಬಂತು. ಅಳುವ ಗಂಡಸರನ್ನು ಕಂಡರೆ ನನಗಾಗುವುದಿಲ್ಲ.

“ಮೂಗು ಒರೆಸ್ಕೊ. ಕೈ ತೊಳ್ಕೊ. ಆ ಹುಡುಗಿ ಬಿಲ್ಲೆ ನಾನು ಕತ್ತರಿಸ್ತೀನಿ ಇವತ್ತು, ಅವಳ ಅಳತೆ ಹೇಳು ಸಾಕು. ನಾಳೆಯಿಂದ ನೀನೇ ಕತ್ತರಿಸ್ಬೇಕು.”

ಇಪ್ಪತ್ತೊಂಬತ್ತು ಎಂದ. ಮೂರು ಬಿಲ್ಲೆ ಕತ್ತರಿಸಿ ಕೊಟ್ಟೆ. ಮೀನಿನ ಹುಡುಗಿಗೆ ಹೋಗಿ ಹೇಳಿದೆ, ಅತ್ತರೆ ಹೊಟ್ಟೆ ಎಳೆಯುತ್ತೆ, ದಿಂಬು ಅವುಚಿಕೊಂಡು ಅಳು. ಗಾಳಿ ಹೋಯಿತಾ ಎಂದು ಕೇಳುತ್ತಾರೆ, ನಾಚಿಕೆಪಡಬೇಡ. ಬೇಸಿನ್ ಎತ್ತಿದರೆ ಕೈ ಮುರಿಯುತ್ತೇನೆ.

ಜುಲೈ 25, ಶನಿವಾರ

ಮನೆ. ಹೊಲಿಗೆ ಮಿಷನ್ನಿನ ಮುಂದೆ ಅರ್ಧ ಗಂಟೆ ಕೂರಬಲ್ಲೆ, ಕೆಳಗೆ ಮೆತ್ತನೆ ದಿಂಬಿಟ್ಟುಕೊಂಡು. ಎಲೆಕೋಸು ತಿಂದರೆ ಚೀಲ ಉಬ್ಬುತ್ತದೆ. ಬಾಳೆಕಾಯಿ ಒಗ್ಗುತ್ತದೆ. ಹೋದ ಭಾನುವಾರ ಚರ್ಚಿನಲ್ಲಿ ಪೂಜೆಯ ನಡುವೆ, ಎಲ್ಲರೂ ಮೌನವಾಗಿದ್ದಾಗ ಇದು ಸದ್ದು ಮಾಡಿತು. ಪಾದ್ರಿಯ ತಂಗಿ ತಿರುಗಿ ನೋಡಿದಳು. ನಾನೂ ಅವಳನ್ನೇ ದುರುಗುಟ್ಟಿ ನೋಡಿದೆ. ಅವಳ ಗೋಮೆಸಿಯ ಸೊಂಟ ಇನ್ನೂ ನನ್ನ ಕೈಯಲ್ಲಿದೆ.

ಮಧ್ಯಾಹ್ನ ನಮತೋವು ಬಂದಳು. ಅವನು ಹಲಸಿನ ಮರದ ಹಿಂದೆ ನಿಂತಿದ್ದನಂತೆ, ಚೀಲ ತಂದಿದ್ದನಂತೆ.

“ಯಾವ ಅಳತೆ ತಂದಿದಾನೆ? ಇದು ಇಪ್ಪತ್ತೆಂಟಕ್ಕೆ ಇಳಿದಿದೆ, ಹೋಗಿ ಹೇಳು. ಕೈ ಹೇಗಿದೆ ಕೇಳು.”

“ಮೊನ್ನೆನೂ ಕೇಳಿದ್ಯಲ್ಲಮ್ಮ. ಅದರ ಮುಂಚೆನೂ.”

“ಇವತ್ತು ಕೇಳು.”

ಹೋಗಿ ಬಂದಳು. “ಚೆನ್ನಾಗಿದೆಯಂತೆ. ಈ ವಾರ ನಾಲ್ಕು ಜನಕ್ಕೆ ಚೀಲ ಹಾಕಿದ್ರಂತೆ.”

ಬಾಯಿಮಾತು ಯಾರಿಗೆ ಬೇಕು. ನನ್ನ ಡಬ್ಬಿಯಲ್ಲಿನ ಅತಿ ಸಣ್ಣ ಸೂಜಿ ತೆಗೆದೆ, ನಾನೇ ಕನ್ನಡಕ ಹಾಕಿ ಮೂರು ಸಲ ಪ್ರಯತ್ನಿಸಬೇಕು, ಅಂಥದ್ದು. ದಾರದ ಉಂಡೆಯ ಜೊತೆ ಕೊಟ್ಟು, ಪೋಣಿಸಿ ಕಳಿಸಲು ಹೇಳು ಎಂದೆ. ನಮತೋವು ನನ್ನ ಮುಖ ನೋಡಿ, ಅವನ್ನು ತೆಗೆದುಕೊಂಡು ಹೋದಳು. ನಾನು ಕಿಟಕಿಯ ಹತ್ತಿರ ಹೋಗಲಿಲ್ಲ. ಮಿಷನ್ನಿನ ಚಕ್ರ ಹಿಡಿದು ಕೂತಿದ್ದೆ.

ಸೂಜಿ ವಾಪಸು ಬಂತು. ದಾರ ಪೋಣಿಸಿತ್ತು, ತುದಿಗೆ ಗಂಟೂ ಹಾಕಿತ್ತು. ಗಂಟು ಮಾತ್ರ ತೀರಾ ದಪ್ಪ, ಒಳ್ಳೆ ಬಟ್ಟೆಗೆ ಆಗುವಂಥದ್ದಲ್ಲ. ನನ್ನ ಅಂಗಡಿಯಲ್ಲಿ ಯಾರಾದರೂ ಹಾಗೆ ಹಾಕಿದ್ದರೆ ಕಿವಿ ಹಿಂಡಿ ಬಿಚ್ಚಿಸುತ್ತಿದ್ದೆ.

ಬಿಚ್ಚಲಿಲ್ಲ. ಪಾದ್ರಿಯ ತಂಗಿಯ ಗೋಮೆಸಿಯ ಅಂಚನ್ನು ಅದೇ ದಾರದಲ್ಲಿ ಹೊಲಿದೆ.